ಅನುವಾದಿತ ಕವಿತೆಯ ಸಾಲು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಐರಿಷ್, ಬ್ರಿಟಿಷ್ ಕವಿಗಳ ಹೊಸ ಸಂಕಲನಗಳಿಂದ ಕನ್ನಡಕ್ಕೆ ತಂದ ಕವಿತೆಗಳನ್ನು ಪುರವಣಿಯಲ್ಲಿ ಅಚ್ಚು ಹಾಕುವಾಗ, ಕಾಲಮಿನ ಅಗಲಕ್ಕೆ ತಕ್ಕಂತೆ ಸಾಲು ತುಂಡರಿಸುವ ರೂಢಿ ದಯವಿಟ್ಟು ನಿಲ್ಲಲಿ.

ಬೆಲ್‌ಫಾಸ್ಟಿನ ಸ್ಟೀಫನ್ ಸೆಕ್ಸ್‌ಟನ್ ಅವರ ಮೊದಲ ಸಂಕಲನವನ್ನೇ ನೋಡಿ. 2019ರಲ್ಲಿ ಬಂದ ಈ ಪುಸ್ತಕ ಅದೇ ವರ್ಷ ಚೊಚ್ಚಲ ಸಂಕಲನಕ್ಕೆ ಕೊಡುವ ಫಾರ್ವರ್ಡ್ ಬಹುಮಾನ ಪಡೆಯಿತು. ತಾಯಿಯನ್ನು ಕಳೆದುಕೊಂಡ ದುಃಖವನ್ನು ಅದು ಬಾಲ್ಯದಲ್ಲಿ ಆಡಿದ ‘ಸೂಪರ್ ಮಾರಿಯೊ ವರ್ಲ್ಡ್’ ವಿಡಿಯೊ ಗೇಮಿನ ಹಂತಗಳನ್ನು ದಾಟುತ್ತಾ ಹೇಳುತ್ತದೆ. ಆ ಗೇಮ್ ಓಡುತ್ತಿದ್ದುದು 16-ಬಿಟ್ ಯಂತ್ರದಲ್ಲಿ. ಅದಕ್ಕೇ ಸಾಲಿಗೆ 16 ಉಚ್ಚಾರಾಂಶ. ಎಂಟೆಂಟರ ಎರಡು ತುಂಡು ಮಾಡಿದರೆ ಈ ಲೆಕ್ಕವೇ ಅಳಿಸಿಹೋಗುತ್ತದೆ, ಉಸಿರು ನಿಲ್ಲಬಾರದ ಕಡೆ ನಿಲ್ಲುತ್ತದೆ. 2019ರ ಅಕ್ಟೋಬರಿನಲ್ಲಿ ತೀರಿಕೊಂಡ ಕೀರನ್ ಕಾರ್ಸನ್ ಅವರ ಕೊನೆಯ ಸಂಕಲನ ‘ಸ್ಟಿಲ್ ಲೈಫ್’ನಲ್ಲಂತೂ ಸಾಲುಗಳು ಇನ್ನೂ ಉದ್ದ. ಚಿತ್ರಕಲೆ, ಬೆಲ್‌ಫಾಸ್ಟಿನ ಬೀದಿ, ಕಾಯಿಲೆಯ ದಿನಗಳು ಒಂದರೊಳಗೊಂದು ಹರಿದು ಬರುವುದೇ ಆ ಉದ್ದದಿಂದ. ಅದು ಅಲಂಕಾರವಲ್ಲ.

ಕನ್ನಡಕ್ಕೆ ಬಂದಾಗ ಪದಗಳು ಕಡಿಮೆಯಾದರೂ ಸಾಲಿನ ಅಗಲ ಸಾಮಾನ್ಯವಾಗಿ ಹೆಚ್ಚುತ್ತದೆ. ಆದ್ದರಿಂದ ಇಂಥ ಕವಿತೆಗೆ ಕನಿಷ್ಠ ಎರಡು ಕಾಲಂ ಅಗಲ ಬೇಕು. ಅಕ್ಷರ ಅರ್ಧ ಪಾಯಿಂಟ್ ಚಿಕ್ಕದಾದರೂ ಚಿಂತೆಯಿಲ್ಲ. ಆಗಲೂ ಹಿಡಿಸದಿದ್ದರೆ ಉಳಿದ ಭಾಗವನ್ನು ಕೆಳಗೆ ಬಲಕ್ಕೆ ಒಳಸರಿಸಿ ಕೂರಿಸಿ. ಅದು ಹೊಸ ಸಾಲಲ್ಲ, ಮೇಲಿನದರ ಮುಂದುವರಿಕೆ ಎಂದು ಓದುಗರಿಗೆ ತಿಳಿಯುತ್ತದೆ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡ. ಅದು ಪದಗಳ ನಡುವೆ ಕವಿ ಬಿಡದ ಜಾಗವನ್ನು ತೆರೆಯುತ್ತದೆ.

ಅನುವಾದಕರಿಗೂ ಒಂದು ಮಾತು. ಇ-ಬುಕ್ ನೋಡಿ ಅನುವಾದಿಸಬೇಡಿ. ಅಕ್ಷರದ ಗಾತ್ರ ಬದಲಿಸಿದೊಡನೆ ಅಲ್ಲಿ ಸಾಲುಗಳು ತಾವೇ ಮುರಿದುಕೊಳ್ಳುತ್ತವೆ. ಆ ತಪ್ಪು ಮುರಿತವೇ ಕನ್ನಡದಲ್ಲೂ ಉಳಿದುಬಿಡುತ್ತದೆ. ಅಚ್ಚಿನ ಪ್ರತಿ, ಇಲ್ಲವೇ ಪುಟಗಳ ಪಿಡಿಎಫ್ ಇಟ್ಟುಕೊಳ್ಳಿ. ಹಸ್ತಪ್ರತಿಯಲ್ಲಿ ಸಾಲುಗಳಿಗೆ ಸಂಖ್ಯೆ ಹಾಕಿ ಕಳಿಸಿದರೆ ಪುಟ ಕಟ್ಟುವವರು ಎಡವುವುದಿಲ್ಲ.

ಇನ್ನು ಅನುಮತಿ. ಬ್ರಿಟನ್, ಐರ್ಲೆಂಡ್ ಎರಡೂ ಕಡೆ ಕೃತಿಸ್ವಾಮ್ಯ ಕವಿಯ ನಿಧನಾನಂತರ 70 ವರ್ಷ ಉಳಿಯುತ್ತದೆ. ಹಕ್ಕು ಯಾರದೆಂಬುದು ಶೀರ್ಷಿಕೆ ಪುಟದ ಹಿಂಬದಿಯಲ್ಲಿರುತ್ತದೆ. ಪ್ರಕಾಶಕರಿಗೆ ಬರೆಯುವಾಗ ಕವಿತೆಯ ಹೆಸರು, ಸಾಲುಗಳ ಸಂಖ್ಯೆ, ಪತ್ರಿಕೆಯ ಪ್ರಸಾರ ತಿಳಿಸಿ, ಜಾಲತಾಣಕ್ಕೆ ಬೇರೆಯಾಗಿಯೇ ಅನುಮತಿ ಕೇಳಿ. ಪೂರ್ತಿ ಕವಿತೆಯನ್ನು ಇದ್ದಂತೆಯೇ ಅಚ್ಚು ಹಾಕಬೇಕೆಂಬ ಷರತ್ತು ಸಾಮಾನ್ಯ. ಜಾಗ ಸಾಲದೆಂದು ಕೊನೆಯ ಚರಣ ಬಿಡುವ ಬದಲು ಚಿಕ್ಕ ಕವಿತೆಯನ್ನೇ ಆರಿಸಿಕೊಳ್ಳಿ.

– ಒಬ್ಬ ಅನುವಾದಕ