ಹನ್ನೊಂದು ತಿಂಗಳ ಋಣ

ಹೋದ ವಾರ ಅಪ್ಪನ ಎರಡನೇ ವರ್ಷದ ತಿಥಿ ಆಯಿತು. ನಾನು ಕುಡಿತ ಬಿಟ್ಟು ಹನ್ನೊಂದು ತಿಂಗಳಾಯಿತು. ಇದಕ್ಕೆ ಕಾರಣರಾದವರಿಗೆ ಎದುರು ನಿಂತು ಸರಿಯಾಗಿ ಥ್ಯಾಂಕ್ಸ್ ಹೇಳೋಕೆ ಆಗಿಲ್ಲ. ಅದಕ್ಕೇ ಇಲ್ಲಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಅಪ್ಪ ಹೋದಾಗ ನನಗೆ 24. ಅವರನ್ನು ಇನ್ನೂ ಜಗಲಿ ಮೇಲೆ ಮಲಗಿಸಿತ್ತು. ಚಿಕ್ಕಪ್ಪ ನನ್ನ ಭುಜ ಹಿಡಿದು, "ಅಳಬಾರದು ಕಣೋ, ಇನ್ಮೇಲೆ ಈ ಮನೆಗೆ ನೀನೇ ಗಂಡಸು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಅಳಲಿಲ್ಲ. ಹನ್ನೊಂದನೇ ದಿನವೂ ಅಳಲಿಲ್ಲ. ಆಮೇಲೆ ಸಣ್ಣ ಮಾತಿಗೂ ರೇಗುತ್ತಿದ್ದೆ. ಅಪ್ಪನ ಸಾಲದ ಲೆಕ್ಕ ಅಮ್ಮನಿಗೆ ಹೇಳಲಿಲ್ಲ. ದಿನಾ ಸಂಜೆ ಕುಡಿದು ಬರತೊಡಗಿದೆ. ಒಂದು ರಾತ್ರಿ ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ತಟ್ಟೆ ಎಸೆದೆ. ತಂಗಿಯ ಪಕ್ಕದ ಗೋಡೆಗೆ ಬಡಿಯಿತು. ಅವಳು ಏನೂ ಅನ್ನದೆ ಕೂತು, ಅನ್ನದ ಅಗುಳುಗಳನ್ನು ಒಂದೊಂದಾಗಿ ಆರಿಸಿದಳು. ಕೈ ನಡುಗುತ್ತಿತ್ತು.

ಬೆಳಿಗ್ಗೆ ಬಂದು ಹೇಳಿದಳು: "ಅಣ್ಣಾ, ನಿನ್ನ ಬೈಕ್ ಸದ್ದು ಕೇಳಿದ್ರೆ ಹೊಟ್ಟೇಲಿ ಸಂಕಟ ಆಗುತ್ತೆ. ಅಪ್ಪ ಬಂದ್ರೆ ಓಡಿ ಹೋಗಿ ಗೇಟ್ ತೆಗೀತಿದ್ದೆ." ಎರಡೂ ಒಂದೇ ಬೈಕು. ಅಪ್ಪನದ್ದು.

ಮೊದಲ ಥ್ಯಾಂಕ್ಸ್ ನಿನಗೇ, ಪುಟ್ಟಿ. ಹೆದರಿಕೊಂಡಿದ್ದೆ, ಆದರೂ ಹೇಳಿದೆ.

ನನ್ನ ಗೆಳೆಯ ಬುದ್ಧಿ ಹೇಳಲಿಲ್ಲ. ಟೀ ಅಂಗಡಿ ಕಟ್ಟೆ ಮೇಲೆ ಕೂರಿಸಿಕೊಂಡು, 14416 ಒತ್ತಿ ಫೋನ್ ನನ್ನ ಕೈಗೆ ಕೊಟ್ಟ. ಟೆಲಿ-ಮಾನಸ್, ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಕಟ್ ಮಾಡಿದೆ. ಎರಡನೇ ಸಲ ಮಾತಾಡಿದ ಮೇಡಂ, "ನಿಮ್ಮ ಅಪ್ಪ ಹೇಗಿದ್ರು?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಇನ್ಶೂರೆನ್ಸ್ ಬಂತಾ, ಸಾಲ ಎಷ್ಟಿದೆ, ಇದೇ ಕೇಳುತ್ತಿದ್ದರು. ನನಗೆ ಮಾತು ಹೊರಡಲಿಲ್ಲ. ಅವರು ಕಾದರು. ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕಂಡದ್ದು ಅವರು ಹೇಳಿದ್ದಕ್ಕೇ. ಅವರ ಹೆಸರು ಗೊತ್ತಿಲ್ಲ. ಇಲ್ಲಿಂದಲೇ ಕೈ ಮುಗಿಯುತ್ತೇನೆ.

2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಜನ ಅಂತ ಆಮೇಲೆ ಓದಿದೆ. ನೂರರಲ್ಲಿ ಎಪ್ಪತ್ತಕ್ಕೂ ಜಾಸ್ತಿ ಗಂಡಸರು. ಅವರಲ್ಲಿ ಎಷ್ಟು ಜನರ ಭುಜ ಹಿಡಿದು ಯಾರು ಏನು ಹೇಳಿದ್ದರೋ.

ಇನ್ನು ನಮ್ಮ ಉಸ್ತಾದ್. ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ದಸರಾ ಕುಸ್ತಿ ನೋಡಿ ಬೆಳೆದವನು ನಾನು. ಗರಡಿಗೆ ಸೇರಿದ್ದು ತೋಳು ಬೆಳೆಸೋಕೆ. ಉಸ್ತಾದ್ ಹದಿನೈದು ದಿನ ಯಾರನ್ನೂ ಮುಟ್ಟೋಕೆ ಬಿಡಲಿಲ್ಲ. ಕೈಗೆ ಗುದ್ದಲಿ ಕೊಟ್ಟರು. ಕೆಮ್ಮಣ್ಣು ಅಗೆದು, ಹೆಂಟೆ ಒಡೆದು, ಕಲ್ಲಿನ ಚೂರು ಆರಿಸಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಹಿಟ್ಟಿನ ಹಾಗೆ ಉದುರಬೇಕು. "ನಿನ್ನ ಜೋಡಿ ಇದರ ಮೇಲೇ ಬೀಳೋದು. ಅವನಿಗೆ ಏಟಾಗಬಾರದು. ಅದಕ್ಕೇ ಅಗೀತಿರೋದು" ಅಂದರು. ಸಾಮು ಮುಗಿದರೆ ಅವರು ಬೇಗ ಮನೆಗೆ ಹೊರಡುತ್ತಾರೆ. ಲಕ್ವ ಹೊಡೆದ ಹೆಂಡತಿಗೆ ಸ್ನಾನ ಮಾಡಿಸಿ ಜಡೆ ಹಾಕಬೇಕು. ಹುಡುಗರ ಮುಂದೆ ಅದನ್ನು ಮುಚ್ಚಿಟ್ಟವರಲ್ಲ. ಪಟ್ಟು ಹೇಳಿಕೊಡುವ ಹಾಗೆಯೇ, ಸಿಕ್ಕು ಬಿಡಿಸೋಕೆ ಕೂದಲನ್ನು ಬುಡದಲ್ಲಿ ಹೇಗೆ ಹಿಡಿಯಬೇಕು ಅಂತಲೂ ತೋರಿಸುತ್ತಾರೆ. ಗದೆ ತಿರುಗಿಸುವ ಕೈ ಅದು.

ಅಮ್ಮಾ, ಲೆಕ್ಕದ ಪುಸ್ತಕ ಕೊಟ್ಟಾಗ ನೀನು ಬೈಯಲಿಲ್ಲ. ಎರಡೇ ತಿಂಗಳಲ್ಲಿ ನೀನೇ ಒಂದು ಸಾಲ ತೀರಿಸಿದೆ. ಮೊದಲೇ ಕೊಡಬೇಕಿತ್ತು.

ತಿಥಿಯ ದಿನ ಪಿಂಡ ಇಟ್ಟು ಎದ್ದವನಿಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ ಜೋರಾಗಿ ಅತ್ತೆ. ಚಿಕ್ಕಪ್ಪ ಎದ್ದು ಬಂದರು. ಈ ಸಲ ಏನೂ ಹೇಳಲಿಲ್ಲ. ಹೆಗಲ ಮೇಲಿದ್ದ ಟವಲ್ ತೆಗೆದು ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು "ಅಣ್ಣಾ" ಅಂತ ತಾವೂ ಅತ್ತರು.

ಚಿಕ್ಕಪ್ಪ, ನಿಮಗೂ ಥ್ಯಾಂಕ್ಸ್. ಟವಲ್ ಒಗೆದು ಇಟ್ಟಿದ್ದೇನೆ. ಭಾನುವಾರ ತಂದು ಕೊಡುತ್ತೇನೆ, ಮನೆಯಲ್ಲೇ ಇರಿ.