ಬಾಯಲ್ಲಿ ಆಡಿಸಿ ನೋಡು: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಜೊತೆಗೆ ಕಳಿಸಿದ್ದ ಏಕಪಾತ್ರ ನಾಟಕವನ್ನು ಎರಡು ಸಲ ಓದಿದೆ. ಒಂದು ಸಲ ಕಣ್ಣಲ್ಲಿ, ಒಂದು ಸಲ ಬಾಯಲ್ಲಿ. ಅದರ ವಿಷಯ ಆಮೇಲೆ.

ಮೊದಲು ನಿನ್ನ ಪ್ರಶ್ನೆ. ತಂಡದಲ್ಲಿ ಪಾತ್ರ ಮಾಡುವುದನ್ನು ಬಿಟ್ಟು ಬರೀ ಬರೆಯುತ್ತಾ ಕೂರಬೇಕಾ ಅಂತ ಕೇಳಿದ್ದೀಯ. ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ಯಾರೋ ಹಿರಿಯರು ಹೇಳಿದರಂತೆ. ನಿನ್ನ ಒಳ್ಳೆಯದಕ್ಕೇ ಹೇಳಿರುತ್ತಾರೆ. ಆದರೂ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ನಾನು ತುಂಬಾ ಮೆಚ್ಚುವ ಒಬ್ಬ ಡಚ್ ನಟರ ವಿಷಯ ಹೇಳಬೇಕು.

ಅವರ ಹೆಸರು ರಾಮ್ಸಿ ನಸ್ರ್. ಹುಟ್ಟಿದ್ದು 1974ರಲ್ಲಿ, ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಂನಲ್ಲಿ. ಅಪ್ಪ ಪ್ಯಾಲೆಸ್ತೀನ್‌ನವರು, ಅಮ್ಮ ಡಚ್. ನಾಟಕ ಕಲಿಯಲು ಗಡಿ ದಾಟಿ ಬೆಲ್ಜಿಯಂನ ಆಂಟ್ವರ್ಪ್‌ಗೆ ಹೋದರು. 1995ರಲ್ಲಿ ಓದು ಮುಗಿಸುವಾಗ ಅವರು ಆಡಿ ತೋರಿಸಿದ್ದು ತಾವೇ ಬರೆದ ಏಕಪಾತ್ರ ನಾಟಕ. ಅಂದರೆ ನಟ ಮತ್ತು ಬರಹಗಾರ ಇಬ್ಬರೂ ಒಂದೇ ಬಾಗಿಲಿಂದ ಹೊರಗೆ ಬಂದರು. 2000ದಲ್ಲಿ ಮೊದಲ ಕವನ ಸಂಕಲನ ಬಂತು. ಅದರಲ್ಲಿ 27 ಕವಿತೆಗಳು, ಅವುಗಳ ಜೊತೆಗೇ ರಂಗಕ್ಕೆ ಬರೆದ ಒಂದು ಸ್ವಗತ. ಕವಿತೆಗೆ ಒಂದು ಪುಸ್ತಕ, ನಾಟಕಕ್ಕೆ ಇನ್ನೊಂದು ಅಂತ ಅವರು ಬೇರೆ ಮಾಡಲಿಲ್ಲ. ಈ ಒಂದು ಸಂಗತಿಯನ್ನು ನೀನು ಮನಸ್ಸಲ್ಲಿ ಇಟ್ಟುಕೋ.

2005ರಲ್ಲಿ ಆಂಟ್ವರ್ಪ್ ಅವರನ್ನು ನಗರಕವಿ ಮಾಡಿತು. ಊರಿನ ಬಗ್ಗೆ, ಊರಿನ ಜನರಿಗೆ ಕವಿತೆ ಬರೆಯುವ ಕೆಲಸ ಅದು. ಅಲ್ಲೂ ಡಚ್ ಭಾಷೆಯೇ, ಆದರೆ ರಾಗ ಬೇರೆ, ಎಷ್ಟೋ ಪದ ಬೇರೆ. ನಮ್ಮ ಧಾರವಾಡ, ಮೈಸೂರು ಇದ್ದ ಹಾಗೆ. ರಾಟರ್‌ಡ್ಯಾಂ ಹುಡುಗ ಇನ್ನೊಂದು ದೇಶದ ಊರಿನಲ್ಲಿ ನಿಂತು ತನ್ನದೇ ಭಾಷೆಯನ್ನು ಹೊಸದಾಗಿ ಕೇಳಿಸಿಕೊಂಡಿರಬೇಕು. ಹಾಗೆ ಪಳಗಿದ ಕಿವಿ ಸುಮ್ನೆ ಹೋಗುವುದಿಲ್ಲ.

2009ರಲ್ಲಿ ಜನರ ಓಟಿನಿಂದ ಅವರು ನೆದರ್‌ಲ್ಯಾಂಡ್ಸ್‌ನ ರಾಷ್ಟ್ರಕವಿಯಾದರು. ಅದೇ ವರ್ಷ ಬರೆದ ಒಂದು ಕವಿತೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕವಿತೆ ನಡೆಯುವುದು 2059ರ ರಾಟರ್‌ಡ್ಯಾಂನಲ್ಲಿ. ಮಾತಾಡುವವನು ಒಬ್ಬ ಮುದುಕ. ಅವನ ಮಾತಿನಲ್ಲಿ ಡಚ್ ಇದೆ, ಇಂಗ್ಲಿಷ್ ಇದೆ, ಡಚ್ಚರು ಹಿಂದೆ ಆಳಿದ ಸುರಿನಾಮ್‌ನಿಂದ ಬಂದ ಪದಗಳಿವೆ, ಅರಬ್ಬಿ ಇದೆ. ಇವತ್ತು ಬೀದಿಯಲ್ಲಿ ಹುಡುಗರು ಆಡುವ ಭಾಷೆ. ದೊಡ್ಡವರು ‘ಭಾಷೆ ಕೆಟ್ಟುಹೋಯ್ತು’ ಅಂತ ಬೈಯುವ ಭಾಷೆ. ಅದೇ ಭಾಷೆಯಲ್ಲಿ ಈ ಮುದುಕ ‘ನಮ್ಮ ಕಾಲ ಎಷ್ಟು ಚೆನ್ನಾಗಿತ್ತು, ಈಗ ಊರು ಹಾಳಾಯಿತು’ ಅಂತ ಕೊರಗುತ್ತಾನೆ! ಇವತ್ತಿನ ಪೋಕರಿ ಮಾತು ಐವತ್ತು ವರ್ಷ ಆದ ಮೇಲೆ ಅಜ್ಜನ ಮಾತಾಗಿರುತ್ತದೆ.

ಇದು ನಟರಿಗೇ ಹೊಳೆಯುವ ಕವಿತೆ ಅಂತ ನನ್ನ ನಂಬಿಕೆ. ಭಾಷೆ ಬದಲಾಗುವ ಬಗ್ಗೆ ಒಂದು ಒಳ್ಳೆಯ ಪ್ರಬಂಧ ಯಾರು ಬೇಕಾದರೂ ಬರೆಯಬಹುದು. ನಸ್ರ್ ಹಾಗೆ ಮಾಡಲಿಲ್ಲ. ಒಬ್ಬ ಮನುಷ್ಯನನ್ನು ನಿಲ್ಲಿಸಿದರು, ಅವನಿಗೊಂದು ವಯಸ್ಸು ಕೊಟ್ಟರು, ಒಂದು ಊರು ಕೊಟ್ಟರು, ಒಂದು ದೂರು ಕೊಟ್ಟರು. ಆಮೇಲೆ ಅವನ ಬಾಯಿಂದ ಮಾತಾಡಿಸಿದರು. ಪಾತ್ರ ಕಟ್ಟುವುದು ಹಾಗೇ ಅಲ್ವಾ? ರಾಷ್ಟ್ರಕವಿ ಅಂದಮೇಲೆ ಗಂಭೀರವಾದ, ಶುದ್ಧ ಭಾಷೆಯಲ್ಲಿ ಬರೆಯಬೇಕು ಅಂತ ಬೇರೆಯವರು ಅಂದುಕೊಳ್ಳಬಹುದಿತ್ತು. ಅವರಿಗೆ ಬೀದಿಯ ಮಾತೂ ದೇಶದ ಮಾತೇ.

2013ರಲ್ಲಿ ಆ ಪದವಿ ಮುಗಿಯಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಂನ ದೊಡ್ಡ ನಾಟಕ ತಂಡ ಸೇರಿದರು. ನಡುವೆ ಸಿನಿಮಾ ಇತ್ತು, ಸಂಗೀತ ನಾಟಕಕ್ಕೆ ಬರೆದದ್ದಿತ್ತು, ಅವೆಲ್ಲ ಇರಲಿ. 2018ರಲ್ಲಿ ಆ ತಂಡ ಒಂದು ಅಮೆರಿಕನ್ ಕಾದಂಬರಿಯನ್ನು ‘ಒಂದು ಪುಟ್ಟ ಬದುಕು’ ಅನ್ನುವ ಅರ್ಥದ ಹೆಸರಿನಲ್ಲೇ ರಂಗಕ್ಕೆ ತಂದಿತು. ನಿರ್ದೇಶನ ಈವೊ ವಾನ್ ಹೋವ ಅವರದು. ನಾಲ್ಕು ಗಂಟೆಗೂ ಹೆಚ್ಚಿನ ನಾಟಕ. ಬಾಲ್ಯದಲ್ಲಿ ಜರ್ಜರಿತನಾದ ಜೂಡ್ ಎಂಬ ಮುಖ್ಯ ಪಾತ್ರ ನಸ್ರ್ ಅವರದು. 2022ರಲ್ಲಿ ಅದೇ ನಾಟಕ ನ್ಯೂಯಾರ್ಕ್‌ಗೆ ಹೋಯಿತು. ಆಡಿದ್ದು ಡಚ್‌ನಲ್ಲೇ. ಇಂಗ್ಲಿಷ್ ಸಾಲುಗಳು ಪರದೆಯ ಮೇಲೆ ಬರುತ್ತಿದ್ದವು. ಕತೆ ನಡೆಯುವ ಊರಿನ ಜನರೇ ಕೂತು, ಅವರದೇ ಕತೆಯನ್ನು ಗೊತ್ತಿಲ್ಲದ ಭಾಷೆಯಲ್ಲಿ ಕೇಳಿದರು. ಕನ್ನಡದಲ್ಲಿ ಬರೆದರೆ ಯಾರು ಕೇಳುತ್ತಾರೆ ಅಂತ ನೀನು ಹೋದ ಸಲ ಕೇಳಿದ್ದೆಯಲ್ಲ, ಆಗ ನನಗೆ ನೆನಪಾದದ್ದು ಈ ನಾಟಕವೇ. ಡಚ್ ಆಡುವ ಜನ ಕನ್ನಡದವರಿಗಿಂತ ಕಡಿಮೆ.

ಆ ನಾಟಕ ನ್ಯೂಯಾರ್ಕ್‌ಗೆ ಹೋಗುವ ಮೊದಲೇ ಕೋವಿಡ್ ಬಂದಿತ್ತು. ರಂಗಮಂದಿರಗಳು ಬಾಗಿಲು ಹಾಕಿದವು. 2021ರಲ್ಲಿ ಅವರ ಒಂದು ಪ್ರಬಂಧ ಸಂಕಲನ ಬಂತು, ಆ ಸಾಂಕ್ರಾಮಿಕದ ಬಗ್ಗೆ, ತಮ್ಮ ದೇಶದ ಬಗ್ಗೆ. ವೇದಿಕೆ ಇಲ್ಲದಾಗಲೂ ಅವರು ಜನರ ಎದುರು ನಿಂತು ಮಾತಾಡುವುದನ್ನು ಬಿಡಲಿಲ್ಲ.

ಈಗ ನಿನ್ನ ನಾಟಕ. ಐದನೇ ಪುಟದಲ್ಲಿ ಆ ಹುಡುಗಿ ‘ನನ್ನ ಅಂತರಂಗದ ಅವ್ಯಕ್ತ ವೇದನೆಯನ್ನು ತಂದೆಯು ಎಂದೂ ಅರಿಯಲಿಲ್ಲ’ ಅನ್ನುತ್ತಾಳೆ. ಓದುವಾಗ ಏನೂ ಅನ್ನಿಸಲಿಲ್ಲ. ಜೋರಾಗಿ ಹೇಳಿದಾಗ ಮೂರನೇ ಪದಕ್ಕೇ ನಾಲಿಗೆ ತೊಡರಿತು. ಅದೇ ಹುಡುಗಿ ಮುಂದಿನ ಪುಟದಲ್ಲಿ ‘ಅಪ್ಪ ಬಂದರು. ಚಪ್ಪಲಿ ಬಿಟ್ಟರು. ಒಳಗೆ ಬರಲಿಲ್ಲ’ ಅನ್ನುತ್ತಾಳೆ. ಅಲ್ಲಿ ನನ್ನ ಗಂಟಲು ಕಟ್ಟಿತು. ಮೊದಲನೆಯದನ್ನು ಬರೆದದ್ದು ಮೇಜಿನ ಮುಂದೆ ಕೂತ ಲೇಖಕಿ. ಎರಡನೆಯದನ್ನು ಬರೆದದ್ದು ತಾಲೀಮಿನಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡ ನಟಿ. ನೀನು ಬಿಡಬೇಕು ಅಂತಿರುವುದು ಆ ನಟಿಯನ್ನು.

ಇದನ್ನು ನನಗೆ ಕಲಿಸಿದ್ದೂ ಒಬ್ಬ ಹಿರಿಯ ನಟಿಯೇ. ನನ್ನ ಮೊದಲ ನಾಟಕದ ತಾಲೀಮು. ಅವರು ಒಂದು ಉದ್ದ ಮಾತಿನ ನಡುವೆ ನಿಂತರು. ಚೊಂಬೆತ್ತಿ ನೀರು ಕುಡಿದರು. ಪೆನ್ಸಿಲ್ ತಗೊಂಡು ನನ್ನ ಸಾಲಿನ ಮೇಲೆ ಎರಡು ಕಡೆ ಗೆರೆ ಎಳೆದು, ‘ಇಲ್ಲಿ ಉಸಿರು ಬೇಕಪ್ಪಾ’ ಅಂದರು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅವತ್ತಿಂದ ಏನೇ ಬರೆದರೂ, ಕತೆಯಾದರೂ ಸರಿ, ಇಂಥ ಪತ್ರವಾದರೂ ಸರಿ, ಉಸಿರಿಗೆ ಜಾಗ ಇದೆಯಾ ಅಂತ ಹೇಳಿಕೊಂಡು ನೋಡುತ್ತೇನೆ.

ತಂಡದ ಹೊಸ ನಾಟಕದಲ್ಲಿ ನಿನ್ನದು ಸಣ್ಣ ಪಾತ್ರ, ಬರೀ ಹನ್ನೊಂದು ಮಾತು ಅಂತ ಬೇಜಾರು ಮಾಡಿಕೊಂಡಿದ್ದೀಯ. ಆ ಹನ್ನೊಂದು ಮಾತನ್ನು ಪೂರ್ತಿ ಮನಸ್ಸಿಟ್ಟು ಆಡು. ಬಸ್ಸಿನಲ್ಲಿ, ಸಂತೆಯಲ್ಲಿ ಜನ ಹೇಗೆ ಮಾತು ನುಂಗುತ್ತಾರೆ ಅಂತ ಕೇಳು. ರಾತ್ರಿ ಬಂದು ನಿನ್ನ ಐದನೇ ಪುಟ ತೆಗಿ.

ಮುಂದಿನ ತಿಂಗಳು ಈ ಏಕಪಾತ್ರವನ್ನು ಹತ್ತು ಜನರ ಮುಂದೆ ಓದುತ್ತೀನಿ ಅಂದೆಯಲ್ಲ, ತಾರೀಖು ತಿಳಿಸು. ಕೊನೆಯ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸು. ಈಚೆಗೆ ಎಡಗಿವಿ ಸ್ವಲ್ಪ ಮಂದ, ಬಲಗಡೆ ಹಾಕಿಸಿದರೆ ಒಳ್ಳೆಯದು.

ನಿನ್ನ
ಅಣ್ಣ