ಕಡಲೆಕಾಯಿ ಪರಿಷೆ: ಪ್ರೌಢಶಾಲೆ ಮಕ್ಕಳ ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅದರ ಹಿಂದಿನ ಶನಿವಾರ, ಭಾನುವಾರವೇ ದೊಡ್ಡ ಬಸವಣ್ಣನ ಗುಡಿ ರಸ್ತೆ ಕಿಕ್ಕಿರಿಯುತ್ತದೆ. ಆ ಎರಡೂ ದಿನ ಸಂಜೆ 4ರಿಂದ 7ರವರೆಗೆ ನಮ್ಮ 8, 9 ಮತ್ತು 10ನೇ ತರಗತಿಯ ಮಕ್ಕಳು ಕೊಳ್ಳುವವರಿಗೆ ಬಟ್ಟೆ ಚೀಲ ಹಂಚುತ್ತಾರೆ.

ಹಳೆಯ ಸೀರೆ, ಪಂಚೆ ಇದ್ದರೆ ಚೀಲ ಹೊಲಿದು ಗುರುವಾರದೊಳಗೆ ಕಳುಹಿಸಿ. ಹಿಡಿಗೆ ಎರಡು ಸಲ ಹೊಲಿಗೆ ಹಾಕಿ. ಕಳೆದ ವರ್ಷ ಒಂದು ಚೀಲದ ಹಿಡಿ ಕಿತ್ತು, ಎರಡು ಸೇರು ಹಸಿಕಾಯಿ ರಸ್ತೆಗೆ ಚೆಲ್ಲಿತು. ಮಾರುತ್ತಿದ್ದ ಅಜ್ಜಿ ಜನರ ಕಾಲುಗಳ ನಡುವೆ ಬಗ್ಗಿ ಮಕ್ಕಳ ಜೊತೆ ಒಂದೊಂದೇ ಕಾಯಿ ಆರಿಸಿದರು, ಮೇಲೊಂದು ಬೊಗಸೆಯನ್ನೂ ಹಾಕಿಕೊಟ್ಟರು. ಅವರ ಉಗುರಿನ ಸಂದಿಯಲ್ಲಿ ಹೊಲದ ಮಣ್ಣು ಇನ್ನೂ ಹಾಗೆಯೇ ಇತ್ತು.

ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ ಕಡೆಯಿಂದ ಬರುವ ರೈತರು ರಾತ್ರಿ ಮೂಟೆಗಳ ಪಕ್ಕದಲ್ಲೇ ಮಲಗುತ್ತಾರೆ. ಮಕ್ಕಳು ಅವರನ್ನು ಮಾತನಾಡಿಸಲಿ, ಈ ಸಲ ಮಳೆ ಹೇಗಾಯಿತು ಎಂದು ಕೇಳಲಿ. ನನಗಂತೂ ಚೀಲ ಹಂಚುವುದಕ್ಕಿಂತ ಇದೇ ದೊಡ್ಡದು. ಆದರೆ ಚೌಕಾಸಿ ಮಾತ್ರ ಬೇಡವೆಂದು ಮನೆಯಲ್ಲೇ ಹೇಳಿ ಕಳುಹಿಸಿ.

ವಾಹನ ತರಬೇಡಿ, ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದು ಬನ್ನಿ. ನೀರಿನ ಬಾಟಲಿ, ಟೋಪಿ ಇರಲಿ. ಪ್ರತಿ ಐದು ಮಕ್ಕಳಿಗೆ ಒಬ್ಬ ಹಿರಿಯರು ಜೊತೆಗಿರಬೇಕು, ಇನ್ನೂ ನಾಲ್ವರು ಬೇಕಾಗಿದ್ದಾರೆ. ಬರುವವರು ಬುಧವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.